ಸೋರಲು ಬಿಟ್ಟು ಕೆಡವುವವರು

ಮೈಸೂರಿನ ದೇವರಾಜ ಮಾರುಕಟ್ಟೆಗೆ ವಯಸ್ಸಾಯಿತು, ಕೆಡವಿ ಹೊಸದು ಕಟ್ಟಬೇಕು ಎನ್ನುವವರನ್ನು ಮೊದಲು ಕೇಳಬೇಕಾದ್ದು ಇಷ್ಟು. ಅದರ ತಾರಸಿಯ ಮೇಲಿನ ನೀರಿನ ದಾರಿಯನ್ನು ಕಡೆಯ ಸಲ ಗುಡಿಸಿದ್ದು ಯಾವಾಗ? ಗೋಡೆಯ ಬಿರುಕಿನಲ್ಲಿ ಬೇರು ಇಳಿಸಿದ ಅರಳಿ ಸಸಿಯನ್ನು ಕಿತ್ತವರು ಯಾರು, ಯಾವ ವರ್ಷ? ತಲೆಮಾರುಗಳಿಂದ ಮಳಿಗೆಗಳ ಬಾಡಿಗೆ ಎಣಿಸಿಕೊಂಡವರು ಅದರಲ್ಲಿ ಎಷ್ಟನ್ನು ಆ ಕಟ್ಟಡಕ್ಕೆ ವಾಪಸು ಹಾಕಿದರು? ಈ ಲೆಕ್ಕವನ್ನು ಜನರ ಮುಂದೆ ಇಡದವರಿಗೆ ಅದರ ಒಂದು ಇಟ್ಟಿಗೆ ಮುಟ್ಟುವ ಹಕ್ಕೂ ಇಲ್ಲ. ಕಟ್ಟಡ ತಾನಾಗಿ ಸಾಯುತ್ತಿಲ್ಲ. ಅದನ್ನು ಸಾಯಿಸುತ್ತಿದ್ದಾರೆ, ನಿಧಾನವಾಗಿ, ಕೈ ಕೊಳೆಯಾಗದಂತೆ. ಈ ಮಾತನ್ನು ನಾನು ಕೋಪದಿಂದಲೇ ಬರೆಯುತ್ತಿದ್ದೇನೆ. ಕೋಪ ಬಿಟ್ಟು ಬರೆಯುವ ಕಾಲ ಯಾವತ್ತೋ ಕಳೆಯಿತು.

ಚಿಕ್ಕ ಗಡಿಯಾರದ ಎದುರಿನಿಂದ ಧನ್ವಂತರಿ ರಸ್ತೆಯವರೆಗೆ, ಸಯ್ಯಾಜಿರಾವ್ ರಸ್ತೆಯ ಮಗ್ಗುಲಲ್ಲೇ ಉದ್ದಕ್ಕೆ ಮಲಗಿರುವ ಈ ಮಾರುಕಟ್ಟೆ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ರೂಪ ಪಡೆಯಿತು. ಅದಕ್ಕೂ ಮುಂಚೆ ಆ ಜಾಗದಲ್ಲಿ ಸಂತೆ ಕೂಡುತ್ತಿತ್ತು. ಸಂತೆಗೆ ಸೂರು ಕಟ್ಟಿದರು, ಅಷ್ಟೇ. ಹಾಗಾಗಿಯೇ ಅದಕ್ಕೆ ಅಂಗಡಿ ಸಾಲಿನ ಶಿಸ್ತಿಗಿಂತ ಸಂತೆಯ ಸ್ವಭಾವ ಜಾಸ್ತಿ. ಹೊರಗಿನ ಸಾಲಿನಲ್ಲಿ ಬಟ್ಟೆ, ಪಾತ್ರೆ, ಔಷಧಿ. ಒಳಗೆ ಕಾಲಿಟ್ಟರೆ ಬಾಳೆಗೊನೆ, ತರಕಾರಿ, ತೆಂಗಿನಕಾಯಿ, ಹೂವು, ಅರಿಶಿನ, ಗೋಪುರದಂತೆ ಒಟ್ಟಿದ ಕುಂಕುಮ, ಊದುಬತ್ತಿ. ಎಂಟು ನೂರಕ್ಕೂ ಮೇಲೆ ಮಳಿಗೆಗಳು. ಮಳಿಗೆಯೇ ಇಲ್ಲದೆ ಕಟ್ಟೆಯ ಅಂಚಿನಲ್ಲಿ ಗೋಣಿ ಹಾಸಿ ಕೂತವರ ಲೆಕ್ಕ ಇದರಲ್ಲಿ ಸೇರಿಲ್ಲ.

ಅಲ್ಲಿ ಮಾರುವುದೆಲ್ಲ ಈ ಊರಿನ ಸುತ್ತಲ ಮಣ್ಣಿನದು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ. ಮೂರಕ್ಕೂ ಭೌಗೋಳಿಕ ಸೂಚಕದ ಮುದ್ರೆ ಬಿದ್ದಿದೆ, ಸರ್ಕಾರ ಜಾಹೀರಾತಿನಲ್ಲಿ ಅವುಗಳ ಚಿತ್ರ ಹಾಕಿಕೊಳ್ಳುತ್ತದೆ. ಆದರೆ ನಂಜನಗೂಡು ರಸ್ತೆಯ ಪಕ್ಕದ ಎಲೆತೋಟಕ್ಕೆ ಇವತ್ತು ಹೋಗಿ ನೋಡಿ. ಬಳ್ಳಿ ಹಬ್ಬಿದ್ದ ಕಡೆ ನಿವೇಶನದ ಕಲ್ಲು ನೆಟ್ಟಿದ್ದಾರೆ, ನೆರಳಿಗೆ ಬೆಳೆಸಿದ್ದ ಮರಗಳ ಜಾಗದಲ್ಲಿ ಮೂರಂತಸ್ತಿನ ಮನೆಗಳು ಎದ್ದಿವೆ, ಉಳಿದ ತೋಟದ ಕಾಲುವೆಯಲ್ಲಿ ಬಡಾವಣೆಯ ಕೊಳಚೆ. ಈರನಗೆರೆ ಬದನೆಕಾಯಿ ಎಂದು ಹಳೆಯ ಮೈಸೂರಿಗರು ಬಾಯಿ ಚಪ್ಪರಿಸುತ್ತಾರಲ್ಲ, ಆ ಈರನಗೆರೆ ಈಗ ಊರಿನ ನಡುವಿನ ಕೇರಿ. ಅಲ್ಲಿ ಬದನೆ ಬೆಳೆಯಲು ಒಂದು ಪಾತಿಗೂ ಜಾಗವಿಲ್ಲ. ಬೆಳೆಯುವ ನೆಲವನ್ನು ಒಂದು ಕಡೆಯಿಂದ ನುಂಗುತ್ತ ಬಂದವರು ಈಗ ಬೆಳೆದದ್ದನ್ನು ಮಾರುವ ನೆರಳಿಗೂ ಕೈ ಹಾಕಿದ್ದಾರೆ. ಇವೆರಡು ಬೇರೆ ಬೇರೆ ಸುದ್ದಿಗಳಾಗಿ ಪತ್ರಿಕೆಯ ಬೇರೆ ಬೇರೆ ಪುಟದಲ್ಲಿ ಬರುತ್ತವೆ. ಎರಡನ್ನೂ ಮಾಡುತ್ತಿರುವ ದುರಾಸೆ ಒಂದೇ.

ಕಟ್ಟಡ ಹೇಗೆ ಸಾಯುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮೋಸ ಇರುವುದೇ ಅಲ್ಲಿ. ದೇವರಾಜ ಮಾರುಕಟ್ಟೆಯಂಥ ಕಟ್ಟಡಗಳಲ್ಲಿ ಇರುವುದು ಇಟ್ಟಿಗೆ, ಸುಣ್ಣದ ಗಾರೆ, ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ಜಂತೆ, ಜಂತೆಯ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕಚ್ಚಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಬೆರೆಸಿದ ಸುಣ್ಣದ ಗಚ್ಚು ಬಡಿದು, ಮೇಲೆ ಬಿಲ್ಲೆ ಹಾಸಿ ಮುಗಿಸುತ್ತಿದ್ದರು. ಸುಣ್ಣ ಅರಳಿಸಿ, ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಗಾರೆ ಹದ ಮಾಡುವ ಕೈಗಳು ಈ ಸೀಮೆಯಲ್ಲಿದ್ದವು. ಇಂಥ ಸೂರು ನೂರಾರು ವರ್ಷ ಬಾಳುತ್ತದೆ. ಅದು ಕೇಳುವುದು ಒಂದನ್ನೇ: ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ನೋಡುವ ಒಬ್ಬ ಮನುಷ್ಯ. ನೀರಿನ ತೂಬು ಕಟ್ಟಿದ್ದರೆ ಬಿಡಿಸುವುದು, ಬಿಲ್ಲೆ ಬಿರಿದಿದ್ದರೆ ಗಾರೆ ತುಂಬುವುದು, ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಬೀಜ ಮೊಳೆತಿದ್ದರೆ ಬೆರಳಲ್ಲಿ ಹಿಡಿದು ಕೀಳುವುದು. ಆ ಸಸಿಯನ್ನು ಬೆರಳಲ್ಲಿ ಕೀಳಬಹುದಾದ ವರ್ಷ ಕಿತ್ತರೆ ಖರ್ಚು ಏನೂ ಇಲ್ಲ. ಹತ್ತು ವರ್ಷ ಬಿಟ್ಟರೆ ಬೇರು ಗೋಡೆಯನ್ನೇ ಸೀಳುತ್ತದೆ.

ಬಿಟ್ಟರು. ಅಷ್ಟೇ ಅಲ್ಲ, ದುರಸ್ತಿ ಹೆಸರಲ್ಲಿ ಇನ್ನೂ ಕೆಟ್ಟದ್ದನ್ನು ಮಾಡಿದರು. ನಮ್ಮ ಹಳೆಯ ಕಟ್ಟಡಗಳ ಮೈಮೇಲೆ ಎಲ್ಲೆಲ್ಲೂ ಸಿಮೆಂಟು ಬಳಿದಿರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಸುಣ್ಣದ ಗೋಡೆ ಒಳಗೆ ಹೀರಿದ ತೇವವನ್ನು ಬಿಸಿಲಿಗೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಹೊರಬರುವ ದಾರಿ ಮುಚ್ಚುತ್ತದೆ, ನೀರು ಒಳಗೇ ನಿಂತು ಇಟ್ಟಿಗೆ ಪುಡಿಯಾಗುತ್ತದೆ, ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ನುಣ್ಣಗೆ, ಗಟ್ಟಿಯಾಗಿ ಕಾಣುತ್ತದೆ. ಬಿಲ್ ಪಾಸಾಗಲು ಅಷ್ಟು ಸಾಕು. ಅದರ ಜೊತೆಗೆ ಸೋರುವ ತಾರಸಿಯ ಮೇಲೆ ಮತ್ತೆ ಮತ್ತೆ ಪದರ ಹಾಕಿ ಭಾರ ಏರಿಸುವುದು, ಗೋಡೆ ಕೊರೆದು ಶಟರ್ ಕೂರಿಸುವುದು, ಅಟ್ಟ ಕಟ್ಟಿ ಅದರ ಮೇಲೆ ಸರಕು ಪೇರಿಸುವುದು. ಈ ಕೊನೆಯ ಎರಡರಲ್ಲಿ ವ್ಯಾಪಾರಿಗಳ ಪಾಲೂ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಒಳಬಾಡಿಗೆಗೆ ಕೊಟ್ಟು ಕೂತವರಿದ್ದಾರೆ, ಕಂಬಕ್ಕೆ ಮೊಳೆ ಹೊಡೆದವರಿದ್ದಾರೆ. ಆದರೆ ಮನೆಯ ಯಜಮಾನ ಯಾರು? ನೋಟಿಸ್ ಕೊಡುವ ಅಧಿಕಾರ, ತಪಾಸಣೆ ಮಾಡುವ ಎಂಜಿನಿಯರು, ದುರಸ್ತಿಯ ಹಣ, ಮೂರೂ ಯಾರ ಕೈಯಲ್ಲಿತ್ತು? ಹೂವು ಮಾರುವ ಹೆಂಗಸಿನ ಕೈಯಲ್ಲಂತೂ ಇರಲಿಲ್ಲ.

ಲ್ಯಾನ್ಸ್‌ಡೌನ್ ಕಟ್ಟಡದ ಕಥೆಯನ್ನು ಊರು ಮರೆತಿರಬಹುದು, ಮರೆಯಬಾರದು. ಜಗನ್ಮೋಹನ ಅರಮನೆಗೆ ಹೋಗುವ ದಾರಿಯಲ್ಲಿ, ಚಿಕ್ಕ ಗಡಿಯಾರಕ್ಕೆ ಹತ್ತಿರದಲ್ಲೇ ಇರುವ ಆ ಎರಡಂತಸ್ತಿನ ಸಾಲುಮಳಿಗೆ 1892ರದು, ವೈಸರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. ವೈಸರಾಯರ ನೆನಪಿನಿಂದ ನನಗೆ ಆಗಬೇಕಾದ್ದೇನೂ ಇಲ್ಲ. ಮೈಸೂರಿನ ವಿದ್ಯಾರ್ಥಿಗಳಿಗೆ ಆ ಕಟ್ಟಡ ಅಂದರೆ ಹಳೆಯ ಪುಸ್ತಕದ ಅಂಗಡಿಗಳು. ಹೊಸ ಪುಸ್ತಕ ಕೊಳ್ಳಲಾಗದ ಮಕ್ಕಳು ಅಲ್ಲಿ ಪಠ್ಯ ಕೊಂಡು ಓದಿದರು, ಪರೀಕ್ಷೆ ಮುಗಿದ ಮೇಲೆ ಅದನ್ನೇ ಮಾರಿ ಮುಂದಿನ ವರ್ಷದ್ದು ಕೊಂಡರು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿಯಿತು. ನಾಲ್ವರು ಸತ್ತರು.

ನಾಲ್ಕು ಜೀವ. ಹಳೆಯ ಕಟ್ಟಡ ಬಿತ್ತು ಎಂದು ಸುದ್ದಿಯಾಯಿತು, ಹಳೆಯದಾದ್ದರಿಂದಲೇ ಬಿತ್ತು ಎಂಬ ಮಾತು ಅದರ ಬೆನ್ನಿಗೇ ಬಂತು. ಇಲ್ಲ, ನೋಡಿಕೊಳ್ಳಬೇಕಾದವರು ನೋಡಿಕೊಳ್ಳದ್ದರಿಂದ ಬಿತ್ತು. ಅದರಿಂದ ನಾಲ್ಕು ಹೆಜ್ಜೆ ದೂರದ ಜಗನ್ಮೋಹನ ಅರಮನೆ 1861ರದು, ಲ್ಯಾನ್ಸ್‌ಡೌನ್‌ಗಿಂತ ಮೂವತ್ತು ವರ್ಷ ಹಿರಿಯದು. ಅದು ನಿಂತಿದೆ. ಇನ್ನೂರು ವರ್ಷ ದಾಟಿದ ವೆಲ್ಲಿಂಗ್ಟನ್ ಹೌಸ್ ನಿಂತಿದೆ, ಒಳಗೆ ವಸ್ತುಸಂಗ್ರಹಾಲಯ ನಡೆಯುತ್ತಿದೆ. ಅದೇ ಊರು, ಅದೇ ಮಳೆ, ಅದೇ ಇಟ್ಟಿಗೆ ಸುಣ್ಣ. ವ್ಯತ್ಯಾಸ ಇರುವುದು ಮೇಲೆ ಹತ್ತಿ ನೋಡುವ ಮನುಷ್ಯನಲ್ಲಿ. ಪ್ರವಾಸಿಗರು ಟಿಕೆಟ್ ಕೊಂಡು ನೋಡುವ ಕಟ್ಟಡಕ್ಕೆ ಆ ಮನುಷ್ಯನನ್ನು ಕಳಿಸುತ್ತಾರೆ. ಬಡವರು ಪುಸ್ತಕ ಕೊಳ್ಳುವ ಕಟ್ಟಡಕ್ಕೆ, ಸೊಪ್ಪು ಮಾರುವ ಕಟ್ಟಡಕ್ಕೆ ಕಳಿಸುವುದಿಲ್ಲ.

ಲ್ಯಾನ್ಸ್‌ಡೌನ್ ಕುಸಿದ ಮೇಲೆ ಅಂಗಡಿಗಳನ್ನು ಖಾಲಿ ಮಾಡಿಸಿದರು. ದುರಸ್ತಿ ಶುರುವಾಯಿತು, ನಿಂತಿತು. ಊರಿನ ನಟ್ಟನಡುವೆ, ದಸರಾ ಮೆರವಣಿಗೆ ಹಾದುಹೋಗುವ ರಸ್ತೆಯ ಸಮೀಪದಲ್ಲಿ, ಹತ್ತು ವರ್ಷಕ್ಕೂ ಮೀರಿ ಅದು ಬಾಗಿಲು ಹಾಕಿಕೊಂಡು ಮಳೆಗೆ ನೆನೆಯುತ್ತ ನಿಂತಿತು. ಅರ್ಧ ಮಾಡಿದ ದುರಸ್ತಿಯನ್ನು ಮಳೆಗೆ ಬಿಡುವುದಕ್ಕಿಂತ ದುರಸ್ತಿ ಮಾಡದಿರುವುದೇ ವಾಸಿ. ಇದು ಗಾರೆ ಕೆಲಸದವನಿಗೆ ಗೊತ್ತು. ಅನುದಾನ ಮಂಜೂರು ಮಾಡಿದವರಿಗೆ, ಗುತ್ತಿಗೆ ಕೊಟ್ಟವರಿಗೆ ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ.

ಆಮೇಲೆ 2016ರ ಆಗಸ್ಟ್ 28. ದೇವರಾಜ ಮಾರುಕಟ್ಟೆಯಲ್ಲಿ ನವೀಕರಣ ನಡೆಯುತ್ತಿದ್ದಾಗಲೇ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತು. ಕಾಪಾಡಲು ಬಂದ ಕೆಲಸ ನಡೆಯುತ್ತಿರುವಾಗಲೇ ಕಟ್ಟಡ ಬೀಳುವುದೆಂದರೆ ಏನು? ಹಳೆಯ ಕಟ್ಟಡದಲ್ಲಿ ಕಮಾನು ಕಮಾನಿಗೆ ಒರಗಿ ನಿಂತಿರುತ್ತದೆ. ಒಂದನ್ನು ಮುಟ್ಟುವ ಮುಂಚೆ ಪಕ್ಕದ್ದಕ್ಕೆ ಆಸರೆ ಕೊಡಬೇಕು, ಕಂಬ ಕೊಟ್ಟು ತಾರಸಿ ಹಿಡಿಯಬೇಕು, ಮಳೆಗಾಲ ಕಳೆಯುವವರೆಗೆ ಕಾಯಬೇಕು. ಕುಸಿತದ ನಂತರ ಆಗಬೇಕಾಗಿದ್ದದ್ದು ಈ ಪ್ರಶ್ನೆಗಳ ತನಿಖೆ, ಜವಾಬ್ದಾರರ ಮೇಲೆ ಕ್ರಮ. ಆಗಿದ್ದು ಬೇರೆ. ಕುಸಿತವೇ ಕೆಡವುವವರ ಸಾಕ್ಷಿಯಾಯಿತು. ನೋಡಿ, ಬೀಳುತ್ತಿದೆ, ಜನರ ಪ್ರಾಣಕ್ಕೆ ಅಪಾಯ, ಪೂರ್ತಿ ಕೆಡವೋಣ. ಪಾರಂಪರಿಕ ತಜ್ಞರು, ಹಳೆಯ ಕಟ್ಟಡಗಳನ್ನು ಉಳಿಸಲು ಕೆಲಸ ಮಾಡುವ ಇಂಟ್ಯಾಕ್‌ನಂಥ ಸಂಸ್ಥೆ, ದುರಸ್ತಿ ಮಾಡಿ ಉಳಿಸಬಹುದು ಎಂದರು. ಎಂಜಿನಿಯರುಗಳ ವರದಿ ಕೆಡವಿ ಅದೇ ಮಾದರಿಯಲ್ಲಿ ಕಟ್ಟಿ ಎಂದಿತು. ಸಮಿತಿಯ ಮೇಲೆ ಸಮಿತಿ ಕೂತಿತು. ಪ್ರಕರಣ ಹೈಕೋರ್ಟ್ ಏರಿತು, 2023ರಲ್ಲಿ ನ್ಯಾಯಾಲಯ ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಎರಡನ್ನೂ ಕೆಡವಿ ಕಟ್ಟುವುದಕ್ಕೆ ಹಾದಿ ಬಿಟ್ಟಿತು. ನ್ಯಾಯಾಲಯದ ಮುಂದೆ ಬಂದದ್ದು ಶಿಥಿಲವಾದ ಕಟ್ಟಡ. ಅದನ್ನು ಶಿಥಿಲ ಮಾಡಿದ ವರ್ಷಗಳು ಕಟಕಟೆಗೆ ಬರಲಿಲ್ಲ.

ಇದರಲ್ಲಿ ನನ್ನ ಹೊಟ್ಟೆ ಉರಿಸುವುದು ವರ್ಷಗಳ ಲೆಕ್ಕ. 2016ರಲ್ಲಿ ಕುಸಿದ ಭಾಗವನ್ನು ಆ ವರ್ಷವೇ ಮುಚ್ಚಿ, ಉಳಿದ ತಾರಸಿಗೆ ಆಸರೆ ಕೊಟ್ಟು, ಒಂದೊಂದು ಅಂಕಣವಾಗಿ ಸರಿಮಾಡುತ್ತ ಬಂದಿದ್ದರೆ ಇಷ್ಟು ಹೊತ್ತಿಗೆ ಕೆಲಸವೇ ಮುಗಿದಿರುತ್ತಿತ್ತು. ವ್ಯಾಪಾರವೂ ನಿಲ್ಲುತ್ತಿರಲಿಲ್ಲ. ಚರ್ಚೆ ಮಾಡುತ್ತ ಕಳೆದ ಒಂದೊಂದು ಮಳೆಗಾಲವೂ ಕೆಡವುವವರ ಪರವಾಗಿ ಕೆಲಸ ಮಾಡಿತು. ಅವರಿಗೆ ವಾದ ಗೆಲ್ಲುವ ಅಗತ್ಯವೂ ಇರಲಿಲ್ಲ, ಕಾದರೆ ಸಾಕಾಗಿತ್ತು.

ಅದೇ ಮಾದರಿಯಲ್ಲಿ ಮತ್ತೆ ಕಟ್ಟಿಕೊಡುತ್ತೇವೆ ಎನ್ನುತ್ತಾರೆ. ಕಾಂಕ್ರೀಟ್ ಕಂಬ ನಿಲ್ಲಿಸಿ, ಅದಕ್ಕೆ ಕಮಾನಿನ ಆಕಾರದಲ್ಲಿ ಪ್ಲಾಸ್ಟರು ಮೆತ್ತಿ, ಮೇಲೊಂದು ಗುಮ್ಮಟ ಕೂರಿಸಿ, ಹಳದಿ ಬಣ್ಣ ಹೊಡೆದರೆ ದೇವರಾಜ ಮಾರುಕಟ್ಟೆಯಾಗುತ್ತದೆಯೇ? ಆ ಕಟ್ಟಡದ ಗುಣ ಇರುವುದು ಅದರ ಎತ್ತರದ ಸೂರಿನಲ್ಲಿ, ದಪ್ಪ ಗೋಡೆಯಲ್ಲಿ, ನಡುನಡುವೆ ಬಿಟ್ಟ ತೆರೆದ ಅಂಗಳದಲ್ಲಿ. ಏಪ್ರಿಲ್ ಬಿಸಿಲಲ್ಲೂ ಒಳಗೆ ಹೂವು ಬಾಡದೆ ಸಂಜೆಯವರೆಗೆ ಇರುವುದಕ್ಕೆ, ವೀಳ್ಯದೆಲೆಯ ಕಟ್ಟು ಬಿಚ್ಚಿಟ್ಟರೂ ಎಲೆ ಸುರುಳದಿರುವುದಕ್ಕೆ ಅದು ಕಾರಣ. ಕಾಂಕ್ರೀಟ್ ಸೂರು ಹಗಲಿಡೀ ಕಾದು ಸಂಜೆ ಶಾಖವನ್ನು ತಲೆಯ ಮೇಲೆ ಸುರಿಯುತ್ತದೆ. ಆಗ ಫ್ಯಾನು, ಆಮೇಲೆ ಎ.ಸಿ., ಅದರ ಕರೆಂಟ್ ಬಿಲ್ಲು, ಅದನ್ನು ಕಟ್ಟಬಲ್ಲ ಅಂಗಡಿ ಮಾತ್ರ ಉಳಿಯುತ್ತದೆ. ಜೊತೆಗೆ, ಸೂರಿಗೆ ಹತ್ತದ ಇದೇ ಆಡಳಿತ, ತೂಬು ಗುಡಿಸದ ಇದೇ ಆಡಳಿತ, ಹೊಸ ಕಟ್ಟಡವನ್ನು ನೋಡಿಕೊಳ್ಳುತ್ತದೆ ಎಂದು ಯಾವ ಧೈರ್ಯದಿಂದ ನಂಬಬೇಕು? ಕಾಂಕ್ರೀಟಿನೊಳಗೆ ನೀರು ಇಳಿದು ಕಬ್ಬಿಣ ತುಕ್ಕು ಹಿಡಿದರೆ ಸುಣ್ಣದ ಗೋಡೆಯಷ್ಟು ವರ್ಷವೂ ಅದು ತಡೆಯುವುದಿಲ್ಲ. ಊರಿನಲ್ಲಿ ಮೂವತ್ತು ನಲವತ್ತು ವರ್ಷದ ಸರ್ಕಾರಿ ಕಟ್ಟಡಗಳ ಚಾವಣಿ ಉದುರಿ ಸರಳು ಹಲ್ಲು ಕಿರಿಯುತ್ತಿರುವುದನ್ನು ನೋಡದವರು ಯಾರು?

ಇನ್ನು ಜನರ ಮಾತು. ಕೆಡವಿದ ಮೇಲೆ ವಾಪಸು ಬರುವವರು ಯಾರು? ಮಂಗಳೂರಿನ ಸೆಂಟ್ರಲ್ ಮಾರುಕಟ್ಟೆಯನ್ನು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ ಮುಚ್ಚಿದರು. ಸಗಟು ವ್ಯಾಪಾರಿಗಳನ್ನು ಊರಾಚೆಯ ಬೈಕಂಪಾಡಿಗೆ ಕಳಿಸಿದರು. ಜನ ಮನೆಯಿಂದ ಹೊರಗೆ ಬರಲಾಗದ ದಿನಗಳು, ಗುಂಪು ಸೇರಿ ಕೂಗುವಂತಿಲ್ಲ, ಧರಣಿ ಕೂರುವಂತಿಲ್ಲ. ಕೊನೆಗೆ ಹಳೆಯ ಕಟ್ಟಡವನ್ನು ಕೆಡವಿಯೂ ಆಯಿತು. ವಾಡಿಕೆಯ ಗಿರಾಕಿ ಒಮ್ಮೆ ದಾರಿ ಬದಲಿಸಿದರೆ ಮತ್ತೆ ಬರುವುದಿಲ್ಲ, ದಿನದ ದುಡಿಮೆ ದಿನಕ್ಕೆ ಆಗುವ ವ್ಯಾಪಾರಿ ವರ್ಷಗಟ್ಟಲೆ ಕಾಯಲಾರ. ಮೈಸೂರಿನಲ್ಲಿ ಮಳಿಗೆ ಇದ್ದವರಿಗಾದರೂ ಒಂದು ಪಟ್ಟಿ ಇದೆ, ಬಾಡಿಗೆ ಚೀಟಿ ಇದೆ. ಮಾರುದ್ದ ಮಲ್ಲಿಗೆ ಕಟ್ಟಿ ಮಾರುವ ಹೆಂಗಸು, ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಕೊತ್ತಂಬರಿ ಕಟ್ಟು ಹರಡಿಕೊಳ್ಳುವ ಅಜ್ಜಿ, ಮೂಟೆ ಹೊರುವ ಹಮಾಲಿ, ಬಾಳೆಗೊನೆಯ ಚಿಪ್ಪು ಕೊಯ್ಯುವ ಹುಡುಗ, ಇವರ ಹೆಸರು ಯಾವ ಯೋಜನಾ ವರದಿಯಲ್ಲಿದೆ? ಬೀದಿಬದಿ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲೇ ಸಂಸತ್ತು ಕಾಯ್ದೆ ಮಾಡಿತು. ಸಮೀಕ್ಷೆ ಮುಗಿಯದೆ ಒಬ್ಬರನ್ನೂ ಎಬ್ಬಿಸುವಂತಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತರಷ್ಟಾದರೂ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲಿ ಒಬ್ಬರು ಹೆಂಗಸರಿರಬೇಕು ಎಂದು ಅದು ಹೇಳುತ್ತದೆ. ಆ ಹೆಂಗಸರಿಗೆ ಮಾರುಕಟ್ಟೆಯ ನಕ್ಷೆ ತೋರಿಸಿ, ನಿಮಗೆ ಎಲ್ಲಿ ಕೂರಲು ಅನುಕೂಲ ಎಂದು ಕೇಳಬೇಕಾದ್ದು ಔದಾರ್ಯದಿಂದಲ್ಲ, ಕಾನೂನು ಹಾಗೆ ಬಯಸುವುದರಿಂದ.

ಹಾಗೆಂದು ಅರಸರ ಕಾಲವೇ ಬಂಗಾರ, ಈಗಿನದೆಲ್ಲ ಕಸ ಎಂದು ನಾನು ಹೇಳುತ್ತಿಲ್ಲ. ಅರಸರೂ ಕೆಡವಿದರು. ಕೋಟೆಯೊಳಗೆ ಬಾಳುತ್ತಿದ್ದ ಜನರ ಮನೆಗಳನ್ನು ತೆರವು ಮಾಡಿಯೇ ಅರಮನೆಯ ಮುಂದಿನ ಬಯಲು ಅಷ್ಟು ವಿಶಾಲವಾಗಿದ್ದು. ಪ್ಲೇಗು ಬಂದು ಹೋದ ಮೇಲೆ, 1903ರಲ್ಲಿ ನಗರ ಸುಧಾರಣಾ ಮಂಡಳಿ ಮಾಡಿ ಕಿಷ್ಕಿಂಧೆಯಂಥ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆಗಳನ್ನು ಮಾಡಿದರು. ಅದರಲ್ಲಿ ನೋವು ಉಂಡವರ ಕಥೆ ಯಾರೂ ಬರೆಯಲಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಅವರು ಗಾಳಿ ಬೆಳಕಿಗೆಂದು ಬಿಡಿಸಿದ ಜಾಗ ಇವತ್ತಿಗೂ ರಸ್ತೆಯಾಗಿ, ಉದ್ಯಾನವಾಗಿ, ಸಾಲುಮರವಾಗಿ ಎಲ್ಲರಿಗೂ ಸಿಗುತ್ತಿದೆ. ಈಗ ಬಿಡಿಸುವ ಜಾಗ ಕಾರು ನಿಲ್ಲಿಸುವವರಿಗೆ. ದೊಡ್ಡ ಮರುನಿರ್ಮಾಣ ಯೋಜನೆಯ ಮಾತು ಬಂದಲ್ಲೆಲ್ಲ ನೆಲಮಾಳಿಗೆಯ ಪಾರ್ಕಿಂಗು ಅದರ ಹಿಂದೆಯೇ ಬರುತ್ತದೆ. ಮಾರುಕಟ್ಟೆಗೆ ಬಸ್ಸಿನಲ್ಲಿ ಬಂದು ಇಳಿಯುವವಳಿಗೆ ನೆಲಮಾಳಿಗೆ ಏತಕ್ಕೆ?

ಮಹಾರಾಣಿ ಕಾಲೇಜಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಮೈಸೂರು ಸೀಮೆಯ ಹೆಣ್ಣುಮಕ್ಕಳು ತಲೆಮಾರುಗಳಿಂದ ಓದಿದ ಕಾಲೇಜು. ನೂರು ವರ್ಷ ದಾಟಿದ ಆ ಕಟ್ಟಡದ ರಸಾಯನಶಾಸ್ತ್ರ ಪ್ರಯೋಗಾಲಯದ ಭಾಗ 2022ರ ಅಕ್ಟೋಬರ್‌ನಲ್ಲಿ ಕುಸಿಯಿತು. ಪ್ರಾಣ ಹೋಗಲಿಲ್ಲ. ಅಲ್ಲೂ ಅದೇ ಪಾಠ ಓದಿಸಿದರು: ಹಳೆಯದು, ಉಳಿಸಲು ಬರುವುದಿಲ್ಲ, ಕೆಡವಿ. ಕೆಡವಲು ಹೋದಾಗ, 2025ರ ಜನವರಿಯಲ್ಲಿ, ಗೋಡೆ ಕುಸಿದು ಕೆಲಸಗಾರನೊಬ್ಬ ಅವಶೇಷದಡಿ ಸಿಕ್ಕಿ ಸತ್ತ. ಕಾಪಾಡುವಾಗಲೂ ಅಜಾಗರೂಕತೆ, ಕೆಡವುವಾಗಲೂ ಅದೇ ಅಜಾಗರೂಕತೆ. ಮೇಲಿನಿಂದ ಕೆಳಕ್ಕೆ, ತಾರಸಿ ಬಿಚ್ಚಿ, ಆಸರೆ ಕೊಟ್ಟು, ಆಮೇಲೆ ಗೋಡೆ ಇಳಿಸಬೇಕು ಎನ್ನುವುದು ಕೆಡವುವ ಕೆಲಸದ ಮೊದಲ ಪಾಠ. ಅದಕ್ಕೆ ಸಮಯ ಬೇಕು, ಸಮಯಕ್ಕೆ ಕೂಲಿ ಬೇಕು. ಆ ಕೂಲಿಯನ್ನು ಉಳಿಸಲು ಹೋದ ಕಡೆ ದಿನಗೂಲಿಯವನು ಪ್ರಾಣ ತೆರುತ್ತಾನೆ. ಅವನ ಮನೆಗೆ ಪರಿಹಾರದ ಚೆಕ್ಕು ಹೋಗುತ್ತದೆ, ಕಾಮಗಾರಿ ಮುಂದುವರಿಯುತ್ತದೆ. ಕಟ್ಟಡ ಕಾಪಾಡಿ ಎಂದು ಕೂಗುವವರು ಕಲ್ಲು ಮಣ್ಣಿನ ಮೇಲೆ ಮೋಹ ಇಟ್ಟುಕೊಂಡವರು, ಮನುಷ್ಯರ ಪ್ರಾಣದ ಮೇಲೆ ಕಾಳಜಿ ಇಲ್ಲದವರು ಎಂದು ದೂರುವುದನ್ನು ಕೇಳಿದ್ದೇನೆ. ಲ್ಯಾನ್ಸ್‌ಡೌನ್‌ನಲ್ಲಿ ಸತ್ತ ನಾಲ್ವರು, ಮಹಾರಾಣಿಯಲ್ಲಿ ಸತ್ತ ಒಬ್ಬ, ಇವರೆಲ್ಲ ಯಾರ ಕಾಳಜಿಯ ಕೆಳಗೆ ಸತ್ತರು?

ಕಟ್ಟಡವಾದರೆ ಹಳೆಯದು ಎನ್ನುತ್ತೀರಿ. ಮರ ಏನು ಮಾಡಿತ್ತು? 2025ರ ಏಪ್ರಿಲ್‌ನಲ್ಲಿ, ಎಸ್‌ಪಿ ಕಚೇರಿಯ ಕಡೆಯಿಂದ ಕಾಳಿಕಾಂಬಾ ದೇವಸ್ಥಾನದ ಕಡೆಗೆ ಹೋಗುವ ಹೈದರ್ ಅಲಿ ರಸ್ತೆಯಲ್ಲಿ, ರಸ್ತೆ ಅಗಲ ಮಾಡುವ ನೆಪದಲ್ಲಿ ನಲವತ್ತು ಮರಗಳನ್ನು ಉರುಳಿಸಿದರು. ಹಗಲಲ್ಲಿ ಅಲ್ಲ, ಊರು ಮಲಗಿದ್ದಾಗ. ಬೆಳಗ್ಗೆ ಎದ್ದು ವಾಕಿಂಗಿಗೆ ಬಂದವರಿಗೆ ಕಂಡದ್ದು ಬೊಡ್ಡೆಗಳು. ಸರಿಯಾದ ಕೆಲಸವನ್ನು ಯಾರೂ ಕತ್ತಲಲ್ಲಿ ಮಾಡುವುದಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು, ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು ಎನ್ನುತ್ತದೆ. ನಲವತ್ತು ಅಂದರೆ ಕೇಳಬೇಕಾಗಿಲ್ಲ. ಒಂದು ರಸ್ತೆಗೆ ನಲವತ್ತು, ಇನ್ನೊಂದು ರಸ್ತೆಗೆ ಮೂವತ್ತು ಎಂದು ತುಂಡು ತುಂಡಾಗಿ ಬರೆದುಕೊಂಡರೆ ಊರಿನ ನೆರಳನ್ನೆಲ್ಲ ಯಾರನ್ನೂ ಕೇಳದೆ ಕಡಿಯಬಹುದು. ಇನ್ನೊಂದು ಸಂಗತಿಯನ್ನೂ ನೆನಪಿಡಿ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿದಿತ್ತು. ಮರ ಬಿದ್ದ ರಾತ್ರಿ ಊರಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ, ಮೇಯರ್ ಇರಲಿಲ್ಲ. ಸಭೆಯಲ್ಲಿ ಎದ್ದು ನಿಂತು ಕೇಳುವ ಒಂದು ದನಿಯೂ ಇರಲಿಲ್ಲ. ಚುನಾವಣೆ ನಡೆಸದ ಊರಿನಲ್ಲಿ ಅಧಿಕಾರಿಯ ಸಹಿಯೇ ಕೊನೆಯ ಮಾತು.

ಆದರೆ ಈ ಊರು ತಡೆದದ್ದೂ ಇದೆ. 2021ರಲ್ಲಿ ಲಲಿತಮಹಲ್ ಅರಮನೆಯ ಪಕ್ಕ ಹೆಲಿಕಾಪ್ಟರ್ ಪ್ರವಾಸೋದ್ಯಮಕ್ಕೆಂದು ನೂರಾರು ಮರ ಕಡಿಯಲು ಹೊರಟಾಗ ಜನ ಬಿಸಿಲಲ್ಲಿ ಬಂದು ನಿಂತರು, ಸಹಿ ಹಾಕಿದರು, ಮಕ್ಕಳನ್ನು ಕರೆತಂದರು. ಸರ್ಕಾರ ಹಿಂದೆ ಸರಿಯಿತು, ಮರಗಳು ಉಳಿದವು. ಆಗ ನಿಂತವರೇ ದೇವರಾಜ ಮಾರುಕಟ್ಟೆಗೆ ಯಾಕೆ ಅಷ್ಟು ದೊಡ್ಡ ಸಂಖ್ಯೆಯಲ್ಲಿ ನಿಲ್ಲಲಿಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ. ನಡುಮನೆಯಲ್ಲಿ ಸುಖವಾಗಿರುವ ನಮ್ಮಂಥವರು ಮಾರುಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದೇವೆ. ತರಕಾರಿ ಫೋನಿನಲ್ಲಿ ಬರುತ್ತದೆ, ಹೂವು ವಾಚ್‌ಮನ್ ಕೈಗೆ ಬರುತ್ತದೆ. ಹೋಗದ ಜಾಗ ಹೋದರೆ ಏನು ಎನ್ನುವ ಮನಸ್ಸು ನಮ್ಮಲ್ಲಿ ಸೇರಿಕೊಂಡಿದೆ. ಗುತ್ತಿಗೆದಾರನ ಜೆಸಿಬಿಗೆ ಅತಿ ದೊಡ್ಡ ಪರವಾನಗಿ ನಮ್ಮ ಆ ಮನಸ್ಸೇ.

ಈಗ ಆಗಬೇಕಾದ್ದನ್ನು ನೇರವಾಗಿ ಹೇಳುತ್ತೇನೆ. ಕಳೆದ ಮೂವತ್ತು ವರ್ಷಗಳಲ್ಲಿ ದೇವರಾಜ ಮಾರುಕಟ್ಟೆಯಿಂದ, ಲ್ಯಾನ್ಸ್‌ಡೌನ್‌ನಿಂದ ಬಂದ ಬಾಡಿಗೆ ಎಷ್ಟು, ದುರಸ್ತಿಗೆ ಹಾಕಿದ್ದು ಎಷ್ಟು, ಆ ಕೆಲಸ ಮಾಡಿದ ಗುತ್ತಿಗೆದಾರ ಯಾರು, ಸರಿಯಾಗಿದೆ ಎಂದು ಸಹಿ ಹಾಕಿದ ಎಂಜಿನಿಯರು ಯಾರು, ಎಲ್ಲವನ್ನೂ ಅಚ್ಚು ಹಾಕಿಸಿ ಜನರ ಕೈಗೆ ಕೊಡಿ. 2012ರ, 2016ರ ಕುಸಿತಗಳಿಗೆ ಯಾರು ಹೊಣೆ ಎಂಬುದನ್ನು ಹೆಸರು ಹಿಡಿದು ಹೇಳಿ. ಗಟ್ಟಿಯಾಗಿ ನಿಂತಿರುವ ಅಂಕಣಗಳನ್ನು ಬೇರೆ, ಬಿದ್ದುಹೋಗಿರುವುದನ್ನು ಬೇರೆ ಎಂದು ಗುರುತಿಸಿ, ಅಂಕಣದಿಂದ ಅಂಕಣಕ್ಕೆ ದುರಸ್ತಿ ಮಾಡಿ, ವ್ಯಾಪಾರ ಒಂದು ತುದಿಯಲ್ಲಿ ನಡೆಯುತ್ತಿರುವಾಗ ಇನ್ನೊಂದು ತುದಿಯಲ್ಲಿ ಕೆಲಸ ಆಗಲಿ. ಸುಣ್ಣದ ಗಾರೆ ಬಲ್ಲ ಕುಶಲಕರ್ಮಿಗಳು ಈ ನಾಡಿನಲ್ಲಿ ಇನ್ನೂ ಇದ್ದಾರೆ, ಅವರನ್ನು ಕರೆಸಿ, ಅವರ ಕೈಕೆಳಗೆ ಊರಿನ ಹುಡುಗರಿಗೆ ಕೆಲಸ ಕಲಿಸಿ. ವೃಕ್ಷ ಕಾಯ್ದೆಯ ಐವತ್ತು ಮರದ ಮಿತಿಯನ್ನು ತೆಗೆದುಹಾಕಿ, ಒಂದು ಮರಕ್ಕೂ ನೋಟಿಸ್ ಹಚ್ಚಿ. ಪಾಲಿಕೆಗೆ ಚುನಾಯಿತ ಸದಸ್ಯರಿಲ್ಲದ ಹೊತ್ತಿನಲ್ಲಿ ಯಾವ ಮಾರುಕಟ್ಟೆಯನ್ನೂ ಯಾವ ಸಾಲುಮರವನ್ನೂ ಮುಟ್ಟುವ ಸಹಿ ಬೀಳಕೂಡದು.

ಎಲ್ಲಕ್ಕೂ ಮುಂಚೆ, ಮಾರುಕಟ್ಟೆಯ ಒಳಗೂ ಹೊರಗೂ ಕೂತು ಮಾರುವ ಪ್ರತಿಯೊಬ್ಬರ ಹೆಸರು ಬರೆಯಿರಿ. ಮಳಿಗೆ ಇದ್ದವರದು ಮಾತ್ರವಲ್ಲ, ಗೋಣಿ ಹಾಸಿದವರದು, ಮೂಟೆ ಹೊರುವವರದು, ಹೂವಿನ ಹೆಂಗಸರದು. ದುರಸ್ತಿ ಮುಗಿದ ಮೇಲೆ ಇವರು ಇದೇ ಜಾಗಕ್ಕೆ, ಇದೇ ಬಾಡಿಗೆಗೆ ವಾಪಸು ಬರುತ್ತಾರೆ ಎಂದು ಆಯುಕ್ತರ ಸಹಿ ಹಾಕಿಸಿ, ಆ ಪಟ್ಟಿಯನ್ನು ಮಾರುಕಟ್ಟೆಯ ಹೆಬ್ಬಾಗಿಲುಗಳಿಗೆಲ್ಲ ಅಂಟಿಸಿ. ಅದಾದ ಮೇಲೆ ಮಾತಿಗೆ ಕರೆಯಿರಿ, ಬರುತ್ತೇವೆ. ಅದಕ್ಕೆ ಮುಂಚೆ ಜೆಸಿಬಿ ಬಂದರೆ ಅದರ ಮುಂದೆಯೂ ಬರುತ್ತೇವೆ.